ಟೆನ್ಷನ್‌ಗೂ ಸೊಂಟಕ್ಕೂ ಏನ್ ಸಂಬಂಧ ಮೇಡಂ?

ಹೋದ ಸಲ ಮಂಡಿನೋವಿನ ಬಗ್ಗೆ ಬರೆದಿದ್ದೆ, ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಮಂಡಿ ಬಿಟ್ಟು ಸೊಂಟದ್ದೇ. ಅದ್ರಲ್ಲೂ ಒಂದೇ ಮಾತು ಬೇರೆ ಬೇರೆ ಕೈಬರಹದಲ್ಲಿ, ‘ಡಾಕ್ಟ್ರು ಟೆನ್ಷನ್ ಅಂತಾರೆ, ಫಿಸಿಯೋ ಸ್ನಾಯು ವೀಕ್ ಅಂತಾರೆ, ಯಾರ ಮಾತು ನಂಬೋದು?’ ಅಂತ. ಇಬ್ರದ್ದೂ ನಂಬಬಹುದು, ಯಾಕೆ ಅಂತ ಕೆಳಗೆ ಹೇಳ್ತೀನಿ. ಎಂದಿನಂತೆ ನೆನಪಿರಲಿ, ನಾನು ಫಿಸಿಯೋಥೆರಪಿಸ್ಟು, ನಿಮ್ಮ ಸೊಂಟ ಮುಟ್ಟಿ ನೋಡಿಲ್ಲ, ಪತ್ರ ಓದಿ ಹೇಳ್ತಿರೋದು ಅಷ್ಟೇ.

ಪ್ರಶ್ನೆ: ನನಗೆ 43 ವರ್ಷ, ಹೈಸ್ಕೂಲ್ ಟೀಚರ್. ಎರಡು ವರ್ಷದಿಂದ ಸೊಂಟನೋವು. ಅತ್ತೆಗೆ ಸ್ಟ್ರೋಕ್ ಆಗಿ ಎಡಗಡೆ ಸ್ವಾಧೀನ ಇಲ್ಲ, ಎಬ್ಬಿಸೋದು ಕೂರಿಸೋದು ಬಚ್ಚಲಿಗೆ ಕರ್ಕೊಂಡು ಹೋಗೋದು ಎಲ್ಲ ನಾನೇ. ಮಗಳು ಸೆಕೆಂಡ್ ಪಿಯುಸಿ. ಎಂಆರ್‌ಐ ಮಾಡಿಸಿದ್ವಿ, ಎಲ್4-ಎಲ್5ನಲ್ಲಿ, ಅಂದ್ರೆ ಸೊಂಟದ ಕೊನೇ ಎರಡು ಮೂಳೆಗಳ ಮಧ್ಯೆ, ಡಿಸ್ಕ್ ಬಲ್ಜ್ (ಮಧ್ಯದ ಮೆತ್ತೆ ಉಬ್ಬಿದೆ) ಅಂತ ಬಂತು. ಒಬ್ರು ಡಾಕ್ಟ್ರು ಇನ್ಮೇಲೆ ಬಗ್ಗಲೇಬೇಡಿ ಅಂದ್ರು, ಇನ್ನೊಬ್ರು ಸ್ಕ್ಯಾನ್ ನೋಡಿ ‘ಏನಿಲ್ಲಮ್ಮ, ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ’ ಅಂತ ಕಳಿಸಿದ್ರು. ವಿಚಿತ್ರ ಏನಂದ್ರೆ ಬೇಸಿಗೆ ರಜೆಗೆ ತೀರ್ಥಹಳ್ಳಿ ಹತ್ರ ತವರಿಗೆ ಹೋದ್ರೆ ನಾಲ್ಕೈದು ದಿನಕ್ಕೆ ನೋವು ಮಾಯ. ಅಲ್ಲಿ ಬಾವಿಯಿಂದ ನೀರು ಸೇದ್ತೀನಿ, ಚಾಪೆ ಮೇಲೆ ಮಲಗ್ತೀನಿ, ಏನೂ ಆಗಲ್ಲ. ವಾಪಸ್ ಬಸ್ಸು ದಾವಣಗೆರೆ ಮುಟ್ಟೋಷ್ಟರಲ್ಲಿ ಸೊಂಟ ಹಿಡ್ಕೊಂಡಿರುತ್ತೆ. ನಮ್ಮನೆಯವರು ಇದನ್ನೇ ಇಟ್ಕೊಂಡು ‘ಕೆಲ್ಸ ಅಂದ್ರೆ ಮಾತ್ರ ನಿಂಗೆ ನೋವು’ ಅಂತಾರೆ. ನಾನು ನಾಟಕ ಆಡ್ತಿದೀನಾ ಮೇಡಂ?
(ಹೆಸರು ಬೇಡ, ದಾವಣಗೆರೆ)

ಉತ್ತರ: ಇಲ್ಲ ಟೀಚರೇ, ನಾಟಕ ಅಲ್ಲ. ನಿಮ್ಮ ಪತ್ರ ಓದಿ ನಂಗೆ ಮೊದ್ಲು ಬಂದ ಯೋಚನೆ ಇದು, ಆ ಡಿಸ್ಕ್ ಬಲ್ಜ್ ಇದೆಯಲ್ಲ, ಅದೂ ನಿಮ್ ಜೊತೆ ತೀರ್ಥಹಳ್ಳಿಗೆ ಬಂದಿತ್ತಲ್ವಾ? ಅದನ್ನೇನು ದಾವಣಗೆರೇಲಿ ಬೀರುವಲ್ಲಿಟ್ಟು ಬೀಗ ಹಾಕಿ ಹೋಗಿರಲಿಲ್ಲ. ಅದೇ ಬಲ್ಜು, ಅದೇ ಸೊಂಟ, ಮೇಲಿಂದ ಬಾವಿ ಹಗ್ಗ ಬೇರೆ, ಆದ್ರೂ ನೋವಿಲ್ಲ. ಅಂದ್ಮೇಲೆ ನೋವಿಗೆ ಕಾರಣ ಬಲ್ಜ್ ಒಂದೇ ಅನ್ನೋದು ಲೆಕ್ಕಕ್ಕೆ ಕೂರಲ್ಲ.

ಇದು ನನ್ನ ಸ್ವಂತ ತರ್ಕ ಅಲ್ಲ. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವು ಇಲ್ಲವೇ ಇಲ್ಲ ಅನ್ನೋ 98 ಜನರನ್ನ ಹುಡುಕಿ ಎಂಆರ್‌ಐ ಮಾಡಿದ್ರು, ನೂರಕ್ಕೆ 52 ಜನರಿಗೆ ಒಂದಾದ್ರೂ ಡಿಸ್ಕ್ ಬಲ್ಜ್ ಇತ್ತು, ಎಲ್ಲ ಡಿಸ್ಕೂ ನೀಟಾಗಿದ್ದಿದ್ದು 36 ಪರ್ಸೆಂಟ್ ಜನಕ್ಕೆ ಮಾತ್ರ. 2015ರಲ್ಲಿ ಇಂಥ ಸುಮಾರು ಅಧ್ಯಯನಗಳನ್ನ ಒಟ್ಟಿಗೆ ಸೇರಿಸಿ ನೋಡಿದಾಗ ನಲವತ್ತರ ವಯಸ್ಸಿನ, ನೋವೇ ಇಲ್ಲದವರಲ್ಲಿ ಅರ್ಧದಷ್ಟು ಜನಕ್ಕೆ ಬಲ್ಜ್ ಕಾಣಿಸ್ತು. ತಲೇಲಿ ಬಿಳಿ ಕೂದ್ಲು ಬಂದ ಹಾಗೆ ಅದು, ನಮಗೆ ಒಳಗಡೆ ಕಾಣಲ್ಲ ಅಂತ ಗೊತ್ತಾಗ್ತಿರಲಿಲ್ಲ, ಸ್ಕ್ಯಾನ್ ಬಂದ್ಮೇಲೆ ಕಂಡು ಹೆದರ್ತಿದೀವಿ. ಬಲ್ಜಿಂದ ನೋವು ಬರೋದೇ ಇಲ್ಲ ಅಂತ ಹೇಳ್ತಿಲ್ಲ ನಾನು, ನರ ಒತ್ತಿ ಕಾಲಿಗೆ ಇಳಿಯೋ ನೋವು, ಪಾದ ಜೋಮು ಹಿಡಿಯೋದು ಇದ್ರೆ ಆ ಕಥೆ ಬೇರೆ. ನಿಮ್ಮ ಪತ್ರದಲ್ಲಿ ಅದ್ಯಾವುದೂ ಇಲ್ಲ.

ಸರಿ, ಹಾಗಾದ್ರೆ ನೋಯ್ತಿರೋದು ಏನು? ಇಲ್ಲಿ ಒಂದು ಸ್ವಾರಸ್ಯ ಇದೆ. ನೋವಿಲ್ಲದ ಮನುಷ್ಯ ಪೂರ್ತಿ ಮುಂದಕ್ಕೆ ಬಗ್ಗಿ ನೆಲ ಮುಟ್ಟೋಕೆ ಹೋದ್ರೆ, ಕೊನೇ ಹಂತದಲ್ಲಿ ಬೆನ್ನಿನ ಸ್ನಾಯುಗಳು ತಾವೇ ಆಫ್ ಆಗ್ತವೆ, ಲೈಟ್ ಆರಿಸಿದ ಹಾಗೆ, ಭಾರನ ಲಿಗಮೆಂಟುಗಳ (ಮೂಳೆಗಳನ್ನ ಕಟ್ಟಿ ಹಿಡಿದಿರೋ ಪಟ್ಟಿಗಳ) ಮೇಲೆ ಬಿಟ್ಟು ಸುಮ್ನಾಗ್ತವೆ. ಬೆನ್ನ ಮೇಲೆ ಎಲೆಕ್ಟ್ರೋಡ್ ಅಂಟಿಸಿ ನೋಡಿದ್ರೆ ಮಶೀನಿನಲ್ಲಿ ಗೆರೆ ಚಪ್ಪಟೆ ಆಗಿಬಿಡುತ್ತೆ, 1950ರ ದಶಕದಲ್ಲೇ ಇದನ್ನ ಕಂಡುಕೊಂಡಿದ್ರು. ಹಳೇ ಸೊಂಟನೋವಿನ ತುಂಬಾ ಜನರಲ್ಲಿ ಆ ಗೆರೆ ಚಪ್ಪಟೆ ಆಗಲ್ಲ. ಬಗ್ಗಿದ್ರೂ ಬಿಗಿ, ನಿಂತ್ರೂ ಬಿಗಿ, ಸ್ನಾಯು ಡ್ಯೂಟಿ ಮುಗಿಸಿ ಮನೆಗೆ ಹೋಗೋದೇ ಇಲ್ಲ. ‘ಬಗ್ಗಿದ್ರೆ ಏನಾಗಿಬಿಡುತ್ತೋ’ ಅನ್ನೋ ಹೆದರಿಕೆ ಇರೋರಲ್ಲಿ ಇದು ಇನ್ನೂ ಜಾಸ್ತಿ. ಈಗ ಹೇಳಿ, ಬಗ್ಗಲೇಬೇಡಿ ಅಂತ ಹೇಳಿ ಕಳಿಸಿದ್ದು ನಿಮಗೆ ಒಳ್ಳೇದು ಮಾಡ್ತಾ?

ನಂದೇ ಒಂದು ಹೇಳ್ತೀನಿ. ಆರೇಳು ವರ್ಷದ ಹಿಂದೆ ಅಪ್ಪನ್ನ ಐಸಿಯುನಲ್ಲಿ ಇಟ್ಟಿದ್ರು, ಹನ್ನೊಂದು ದಿನ. ಹೊರಗೆ ಸ್ಟೀಲ್ ಚೇರು, ಅದ್ರಲ್ಲಿ ಕೂತ್ಕೊಂಡು ಫೋನ್ ನೋಡೋದು, ಒಳಗಿಂದ ಹೆಸರು ಕೂಗಿದ್ರೆ ಓಡೋದು. ಆರನೇ ದಿನಕ್ಕೆ ನನ್ನ ಸೊಂಟ ಹಲಗೆ ಆಗೋಯ್ತು, ದಿನಕ್ಕೆ ಹದಿನೈದು ಪೇಷಂಟಿಗೆ ಸೊಂಟದ ಎಕ್ಸರ್‌ಸೈಜ್ ಹೇಳಿಕೊಡೋಳಿಗೆ! ಪಕ್ಕದಲ್ಲಿ ಕೂತಿದ್ದ ಒಬ್ರು ಅಜ್ಜಿ, ಅವ್ರ ಮಗನೂ ಒಳಗಿದ್ದ, ನನ್ನನ್ನೇ ನೋಡ್ತಾ ‘ಉಸ್ರು ಬಿಡವ್ವ ಒಂದ್ಸಲ’ ಅಂದ್ರು. ಆಗ ಗೊತ್ತಾಯ್ತು, ನಾನು ಹೊಟ್ಟೆ ಒಳಗೆ ಎಳ್ಕೊಂಡು, ಹಲ್ಲು ಕಚ್ಕೊಂಡು, ಚೇರಿನ ಅಂಚಲ್ಲಿ ಕುಂಡಿ ಬಿಗಿ ಹಿಡಿದು ಕೂತಿದೀನಿ, ಅದೂ ಆರು ದಿನದಿಂದ. ಅಷ್ಟು ಹೊತ್ತು ಮುಷ್ಟಿ ಬಿಗಿ ಹಿಡಿದಿದ್ರೆ ಕೈ ನೋಯಲ್ವಾ? ಸೊಂಟನೂ ಹಾಗೇ.

ಇದ್ರ ಮೇಲೆ ನಿದ್ದೆಗೆಟ್ರೆ ನರಮಂಡಲ ಚುರುಕಾಗಿಬಿಡುತ್ತೆ. ಒಂದ್ಸಲ ಕಳ್ಳ ನುಗ್ಗಿದ ಮನೆ ನಾಯಿ ನೋಡಿದೀರಲ್ಲ, ಆಮೇಲೆ ಹಾಲಿನವನಿಗೂ ಪೇಪರ್ ಹುಡುಗನಿಗೂ ಬೊಗಳ್ತಾನೇ ಇರುತ್ತೆ. ನಾಯಿ ಬೊಗಳ್ತಿರೋದು ಸುಳ್ಳಲ್ಲ, ಕಿವಿ ಕಿತ್ತೋಗೋ ಹಾಗೆ ಬೊಗಳ್ತಿದೆ, ಆದ್ರೆ ಬಂದಿರೋನು ಕಳ್ಳ ಅಲ್ಲ. ನಿಮ್ಮ ನೋವೂ ನಿಜ, ಪೂರ್ತಿ ನಿಜ. ಬೆನ್ನು ಮುರಿದಿಲ್ಲ ಅನ್ನೋದೂ ಅಷ್ಟೇ ನಿಜ. ನಿಮ್ಮ ಯಜಮಾನ್ರಿಗೆ ಈ ಪ್ಯಾರಾ ಓದಿ ಹೇಳಿ. ಮತ್ತೆ, ನೀವು ದಿನಾ ಎತ್ತಿ ಇಳಿಸ್ತಿರೋದು ಅವ್ರ ಅಮ್ಮನ್ನೇ ಅಲ್ವಾ ಅಂತಾನೂ ಕೇಳಿ, ನಾನ್ ಹೇಳ್ದೆ ಅಂತಾನೇ ಕೇಳಿ.

ಈಗ ಕೆಲಸದ ವಿಷಯ. ಅತ್ತೆಯವ್ರನ್ನ ಕಂಕುಳಿಗೆ ಕೈ ಹಾಕಿ ಎತ್ತಬೇಡಿ, ಅವ್ರ ಭುಜಕ್ಕೂ ಪೆಟ್ಟು ನಿಮ್ಮ ಸೊಂಟಕ್ಕೂ ಪೆಟ್ಟು. ಮಂಚ ತಗ್ಗಿದ್ರೆ ಕಾಲಿಗೆ ಮರದ ತುಂಡು ಕೊಟ್ಟು ಎತ್ತರ ಮಾಡಿಸಿ, ಬಡಗಿ ಅರ್ಧ ಗಂಟೇಲಿ ಮಾಡಿಕೊಡ್ತಾನೆ. ಮೇಲೆ ಸರಿಸಬೇಕಾದ್ರೆ ಕೆಳಗೆ ಮಡಿಸಿದ ಬೆಡ್‌ಶೀಟ್ ಹಾಕಿ ಇಬ್ರು ಎರಡು ಕಡೆ ಹಿಡಿದು ಜಾರಿಸಿ. ನಿಲ್ಲಿಸುವಾಗ ಅವ್ರ ಸೊಂಟಕ್ಕೆ ಅಗಲ ಬೆಲ್ಟ್ ಕಟ್ಟಿ ಅದನ್ನ ಹಿಡ್ಕೊಳ್ಳಿ, ಅವ್ರ ಪಾದ ನೆಲಕ್ಕೆ ಊರಿದೆಯಾ ನೋಡಿ, ಮೂಗು ಮುಂದಕ್ಕೆ ತನ್ನಿ ಅಂತ ಹೇಳಿ, ಸರಿಯಿರೋ ಕಾಲಿನಿಂದ ಅವ್ರೇ ಅರ್ಧ ಕೆಲಸ ಮಾಡ್ತಾರೆ.

ನಿಮಗೆ ಅಂತ ದಿನಕ್ಕೆ ಹತ್ತು ನಿಮಿಷ. ನೆಲದ ಮೇಲೆ ಅಂಗಾತ ಮಲಗಿ ಮೊಣಕಾಲಿನ ಕೆಳಗಿನ ಭಾಗ ಚೇರ್ ಮೇಲಿಡಿ, ಹೊಕ್ಕಳ ಮೇಲೆ ಅರ್ಧ ಕೆಜಿ ತೊಗರಿಬೇಳೆ ಪ್ಯಾಕೆಟ್ ಇಟ್ಕೊಳ್ಳಿ. ಉಸಿರು ತಗೊಂಡಾಗ ಪ್ಯಾಕೆಟ್ ಮೇಲೇಳಬೇಕು, ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ. ಮೊದಲ ವಾರ ಪ್ಯಾಕೆಟ್ ಅಲ್ಲಾಡೋದೇ ಇಲ್ಲ, ಎದೆ ಮಾತ್ರ ಏಳುತ್ತೆ, ಬೇಜಾರಾಗಬೇಡಿ. ಸಂಜೆ ಇಪ್ಪತ್ತು ನಿಮಿಷ ನಡೀರಿ, ಫೋನಿಲ್ದೆ. ಬಗ್ಗೋದನ್ನ ಮೊದ್ಲು ಚೇರಲ್ಲಿ ಕೂತು ಪಾದ ಮುಟ್ಟೋದ್ರಿಂದ ಶುರು ಮಾಡಿ, ಆಮೇಲೆ ನಿಂತು. ಮನಸ್ಸು ತೀರಾ ಕುಗ್ಗಿದೆ, ಅಳು ಬರುತ್ತೆ, ಯಾವುದ್ರಲ್ಲೂ ಆಸಕ್ತಿ ಇಲ್ಲ ಅಂತ ಇದ್ರೆ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ, ಸರ್ಕಾರದ್ದು, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ.

ಪ್ರಶ್ನೆ: ವಯಸ್ಸು 29, ಸಾಫ್ಟ್‌ವೇರ್, ವಾರದಲ್ಲಿ ಮೂರು ದಿನ ವರ್ಕ್ ಫ್ರಮ್ ಹೋಮ್. ಸೊಂಟನೋವು ಅಂತ ಒಂದು ಕ್ಲಿನಿಕ್ಕಿಗೆ ಹೋದೆ, ಗೋಡೆ ಪಕ್ಕ ನಿಲ್ಲಿಸಿ ಫೋಟೋ ತೆಗೆದು, ಗೆರೆ ಎಳೆದು ‘ನಿಮಗೆ ಲೋಯರ್ ಕ್ರಾಸ್ಡ್ ಸಿಂಡ್ರೋಮ್ ಇದೆ, ಮಸಲ್ ಇಂಬ್ಯಾಲೆನ್ಸ್, 24 ಸೆಷನ್ ಪ್ಯಾಕೇಜ್ ತಗೊಳ್ಳಿ’ ಅಂದ್ರು. ಇದು ಸೀರಿಯಸ್ ಕಾಯಿಲೆನಾ? ಅಂದಹಾಗೆ ನೋವು ವರ್ಷವಿಡೀ ಇರಲ್ಲ, ಅಪ್ರೈಸಲ್ (ವರ್ಷದ ಕೆಲಸಕ್ಕೆ ಮಾರ್ಕ್ಸ್ ಹಾಕೋ) ಟೈಮಲ್ಲಿ ಮತ್ತೆ ಸಾಫ್ಟ್‌ವೇರ್ ರಿಲೀಸ್ ಟೈಮಲ್ಲಿ ಜಾಸ್ತಿ.
(ಓದುಗ, ಬೆಂಗಳೂರು)

ಉತ್ತರ: ಕಾಯಿಲೆ ಅಲ್ಲ, ಹೆಸರು ಮಾತ್ರ ಭಯಂಕರ. ಪ್ರಾಗ್‌ನಲ್ಲಿ ವ್ಲಾಡಿಮಿರ್ ಯಾಂಡಾ ಅಂತ ಒಬ್ರು ಡಾಕ್ಟ್ರಿದ್ರು, ಚಿಕ್ಕ ವಯಸ್ಸಲ್ಲೇ ಪೋಲಿಯೋ ಬಂದು ಸ್ನಾಯು ದುರ್ಬಲ ಆಗೋದು ಅಂದ್ರೇನು ಅಂತ ಮೈಯಲ್ಲೇ ಕಲಿತೋರು. ಅವ್ರು ಗಮನಿಸಿದ್ದು ಇದು, ಸೊಂಟದ ಸುತ್ತ ಕೆಲವು ಸ್ನಾಯುಗಳು ಬಿಗಿ ಆಗೋ ಜಾತಿ, ಕೆಲವು ಸೋಮಾರಿ ಆಗೋ ಜಾತಿ. ಮುಂದೆ ತೊಡೆಸಂದಿಯ ಸ್ನಾಯು ಬಿಗಿ, ಹಿಂದೆ ಸೊಂಟದ ಪಟ್ಟಿ ಬಿಗಿ. ಹೊಟ್ಟೆ ಸಡಿಲ, ಕುಂಡಿ ಸಡಿಲ. ಬಿಗಿಯದ್ದೊಂದು ಗೆರೆ ಸಡಿಲದ್ದೊಂದು ಗೆರೆ ಎಳೆದ್ರೆ ಗುಣಾಕಾರದ ಚಿಹ್ನೆ ಥರ ಕಾಣುತ್ತೆ, ಅದಕ್ಕೇ ಕ್ರಾಸ್ಡ್ ಅಂತ ಹೆಸರು. ದಿನಕ್ಕೆ ಹತ್ತು ಗಂಟೆ ಚೇರಲ್ಲಿ ಕೂರೋರಿಗೆ ತೊಡೆಸಂದಿ ಮಡಿಸಿಕೊಂಡೇ ಇರುತ್ತೆ, ಕುಂಡಿ ಬರೀ ದಿಂಬಿನ ಕೆಲಸ ಮಾಡ್ತಿರುತ್ತೆ. ಆಮೇಲೆ ಎದ್ದು ನಡೆಯುವಾಗ ತೊಡೆ ಹಿಂದಕ್ಕೆ ಹೋಗಬೇಕಾದ ಜಾಗದಲ್ಲಿ ಸೊಂಟ ಒಳಕ್ಕೆ ಬಾಗಿ ಆ ಕೆಲಸನೂ ತಾನೇ ಮಾಡುತ್ತೆ. ಮನೇಲಿ ಒಬ್ಬ ತಮ್ಮ ಸೋಮಾರಿ ಆದ್ರೆ ಅಣ್ಣ ಎಲ್ಲ ಹೊತ್ಕೊಂಡು ಕೊನೆಗೆ ಸಿಡುಕ್ತಾನಲ್ಲ, ನಿಮ್ಮ ಸೊಂಟ ಆ ಅಣ್ಣ.

ಮನೇಲೇ ನೋಡ್ಕೋಬಹುದು. ಮಂಚದ ಅಂಚಿಗೆ ಕುಂಡಿ ಬರೋ ಹಾಗೆ ಅಂಗಾತ ಮಲಗಿ, ಒಂದು ಮೊಣಕಾಲನ್ನ ಎದೆಗೆ ಅಪ್ಪಿ ಹಿಡ್ಕೊಳ್ಳಿ, ಇನ್ನೊಂದು ಕಾಲು ಇಳಿಬಿಡಿ. ಇಳಿಬಿಟ್ಟ ತೊಡೆ ಮಂಚದ ಮಟ್ಟಕ್ಕಿಂತ ಮೇಲೇನೇ ನಿಂತ್ರೆ ತೊಡೆಸಂದಿ ಬಿಗಿ ಇದೆ. ಆಮೇಲೆ ನೆಲದ ಮೇಲೆ ಮೊಣಕಾಲು ಮಡಿಸಿ ಮಲಗಿ ಸೊಂಟ ಮೇಲೆತ್ತಿ, ಕುಂಡಿ ಗಟ್ಟಿ ಆಗೋದು ಬಿಟ್ಟು ತೊಡೆ ಹಿಂಭಾಗ ಸೆಟೆದುಕೊಂಡ್ರೆ ಕುಂಡಿ ಸ್ನಾಯು, ನಿಮ್ಮ ಜಿಮ್ ಭಾಷೇಲಿ ಗ್ಲೂಟ್ಸ್, ನಿದ್ದೆ ಮಾಡ್ತಿದೆ ಅಂತ.

ಆದ್ರೆ ಆ ಫೋಟೋ ಮೇಲಿನ ಗೆರೆ ನೋಡಿ ತಲೆ ಕೆಡಿಸ್ಕೋಬೇಡಿ. ಸೊಂಟದ ಬಾಗು ಜಾಸ್ತಿ ಇರೋ ಎಷ್ಟೋ ಜನ ನೋವಿಲ್ದೆ ಮ್ಯಾರಥಾನ್ ಓಡ್ತಾರೆ, ನೆಟ್ಟಗೆ ಗೂಟದ ಹಾಗೆ ನಿಲ್ಲೋರೂ ನರಳ್ತಾರೆ. ನಿಲ್ಲೋ ಭಂಗಿ ನೋಡಿ ನೋವು ಹೇಳೋಕಾಗಲ್ಲ. ನನ್ನ ವೃತ್ತಿಬಾಂಧವರಿಗೆ ಬೇಜಾರಾದ್ರೂ ಪರವಾಗಿಲ್ಲ, ಮೊದಲ ದಿನವೇ 24 ಸೆಷನ್ ಬೇಕು ಅಂತ ಯಾರಿಗೂ ಗೊತ್ತಿರಲ್ಲ. ಮೂರ್ನಾಕು ಸಲ ಹೋಗಿ ಕಲಿತು ಮನೇಲಿ ಮಾಡೋದು ಸಾಕಾಗುತ್ತೆ ಬಹಳ ಜನಕ್ಕೆ.

ನಿಮ್ಮ ಪತ್ರದಲ್ಲಿ ಚಿನ್ನದಂಥ ಮಾಹಿತಿ ಇರೋದು ಕೊನೇ ಸಾಲಲ್ಲಿ, ಅದನ್ನ ‘ಅಂದಹಾಗೆ’ ಅಂತ ಸೇರಿಸಿದೀರಿ. ಕೂರೋ ಚೇರು ವರ್ಷವಿಡೀ ಅದೇ, ಸ್ನಾಯು ಅವೇ, ನೋವು ಮಾತ್ರ ಅಪ್ರೈಸಲ್‌ಗೆ ಬರುತ್ತೆ! ಯಾಂಡಾ ಅವ್ರೇ ಸ್ನಾಯು ಬಿಗಿಯಾಗೋದನ್ನ ಐದು ಬಗೆ ಮಾಡಿ, ಅದ್ರಲ್ಲಿ ಒಂದು ಮಿದುಳಿನ ಲಿಂಬಿಕ್ ಭಾಗದ್ದು, ಅಂದ್ರೆ ಭಾವನೆಗಳ ಜಾಗದಿಂದ ಬರೋದು ಅಂತ ಹೇಳಿದಾರೆ. ಅವ್ರ ಕ್ರಾಸ್ ಚಿತ್ರ ಎಲ್ಲ ಕ್ಲಿನಿಕ್ ಗೋಡೆ ಮೇಲೂ ಇದೆ, ಈ ಮಾತು ಯಾವ ಗೋಡೆ ಮೇಲೂ ನಾನು ನೋಡಿಲ್ಲ. ಇನ್ನೊಂದು, 2000ದಲ್ಲಿ ಓಹಾಯೋ ಸ್ಟೇಟ್ ಯೂನಿವರ್ಸಿಟೀಲಿ 25 ಜನರ ಕೈಲಿ ಭಾರ ಎತ್ತಿಸಿದ್ರು, ಮೊದ್ಲು ಆರಾಮಾದ ವಾತಾವರಣದಲ್ಲಿ, ಆಮೇಲೆ ಮನಸ್ಸಿಗೆ ಒತ್ತಡ ಆಗೋ ಥರ ಮಾಡಿ. ಭಾರ ಅದೇ, ಎತ್ತೋದೂ ಅದೇ. ಒತ್ತಡ ಇದ್ದಾಗ ಕೆಲವರ ಬೆನ್ನುಮೂಳೆ ಮೇಲೆ ಬೀಳೋ ಒತ್ತು ಹೆಚ್ಚಾಯ್ತು, ಯಾಕಂದ್ರೆ ಬೇಡದ ಸ್ನಾಯುಗಳನ್ನೂ ಬಿಗಿ ಹಿಡಿದು ಎತ್ತಿದ್ರು. ಅಂತರ್ಮುಖಿ ಸ್ವಭಾವದವರಲ್ಲಿ ಇದು ಜಾಸ್ತಿ ಕಾಣಿಸ್ತು. ಮ್ಯಾನೇಜರ್ ಹತ್ರ ಜೋರಾಗಿ ಜಗಳ ಆಡೋರಿಗಿಂತ, ‘ಓಕೆ ಶ್ಯೂರ್’ ಅಂತ ಮೆಸೇಜ್ ಹಾಕಿ ಒಳಗೊಳಗೇ ಕುದಿಯೋ ಹುಡುಗ್ರೇ ನನ್ನ ಕ್ಲಿನಿಕ್ಕಿಗೆ ಜಾಸ್ತಿ ಬರೋದು. ಇದು ರಿಸರ್ಚ್ ಅಲ್ಲ, ನನ್ನ ಅನಿಸಿಕೆ.

ಮಾಡಬೇಕಾದ್ದು ಸಿಂಪಲ್ಲು. ಒಂದು ಮೊಣಕಾಲು ನೆಲಕ್ಕೂರಿ, ಇನ್ನೊಂದು ಮುಂದಿಟ್ಟು, ಕುಂಡಿ ಬಿಗಿಹಿಡಿದು ಸೊಂಟ ನಿಧಾನಕ್ಕೆ ಮುಂದೆ ತನ್ನಿ, ಮೂವತ್ತು ಸೆಕೆಂಡು, ಎರಡೂ ಕಡೆ. ಸೊಂಟ ಮೇಲೆತ್ತೋದು ಹತ್ತತ್ತು ಸಲ. ಕೈ ಮಂಡಿ ಊರಿ ಕುದುರೆ ಥರ ನಿಂತು ಬಲಗೈ ಜೊತೆ ಎಡಗಾಲು, ಎಡಗೈ ಜೊತೆ ಬಲಗಾಲು ಚಾಚೋದು, ಪಕ್ಕಕ್ಕೆ ಮಲಗಿ ಪ್ಲ್ಯಾಂಕು, ಅಂದ್ರೆ ಮೊಣಕೈ ಊರಿ ಮೈ ಎತ್ತಿ ಹಿಡಿಯೋದು. ವಾರಕ್ಕೆ ನಾಲ್ಕು ದಿನ, ಕಾಲು ಗಂಟೆ, ಆರೆಂಟು ವಾರ ಬಿಡದೆ. ಬೆನ್ನುನೋವಿಗೆ ಇದೇ ಎಕ್ಸರ್‌ಸೈಜ್ ಬೆಸ್ಟು ಅಂತ ಒಂದನ್ನ ಎತ್ತಿ ಹೇಳೋಕೆ ಆಧಾರ ಇಲ್ಲ, ನೀವು ಬಿಡದೆ ಮಾಡೋದೇ ಬೆಸ್ಟು, ಅದು ಈಜಾದ್ರೂ ಸರಿ ಸೂರ್ಯನಮಸ್ಕಾರ ಆದ್ರೂ ಸರಿ. ಮತ್ತೆ ಮುಂದಿನ ಅಪ್ರೈಸಲ್ ಕಾಲ್ ಇದ್ದಾಗ ಲ್ಯಾಪ್‌ಟಾಪನ್ನ ಅಡುಗೆಮನೆ ಕಟ್ಟೆ ಮೇಲಿಟ್ಟು ನಿಂತ್ಕೊಂಡು ಮಾತಾಡಿ ನೋಡಿ, ಹೇಗಿತ್ತು ಅಂತ ಬರೀರಿ.

ಪ್ರಶ್ನೆ: ಮೇಡಂ, ನಾ ಬಸ್ ಡ್ರೈವರ್ ಅದೇನ್ರಿ, 22 ವರ್ಷ ಆತು. ನಡಾ ಭಾಳ ನೋಯ್ತೈತಿ, ನೈಟ್ ಡ್ಯೂಟಿ ಮಾಡಿ ಬಂದ ದಿನ ಅಂತೂ ಎದ್ದು ನಿಂದ್ರಾಕ ಆಗಂಗಿಲ್ಲ. ಒಬ್ರು ಮೂರು ವಾರ ಬೆಡ್‌ರೆಸ್ಟ್ ಅಂದಾರ, ಅಷ್ಟು ರಜಾ ಯಾರು ಕೊಡ್ತಾರ್ರಿ? ಮೆಡಿಕಲ್ ಶಾಪಿನ್ಯಾಗ ಬೆಲ್ಟ್ ತಗೊಂಡು ಹಗಲು ರಾತ್ರಿ ಹಾಕ್ಕೊಂಡ ಇರತೀನಿ. ನಮ್ಮೂರಾಗ ಕಾಲು ಮುಂದಾಗಿ ಹುಟ್ಟಿದವ್ರ ಕಡೆ ನಡಕ್ಕ ಒದಿಸ್ಕೊ ಅಂತಾರ, ಒದಿಸ್ಕೊಳ್ಳಲೇನ್ರಿ?
(ಓದುಗ, ಹುಬ್ಬಳ್ಳಿ)

ಉತ್ತರ: ಒದೆಸ್ಕೊಳ್ಳಬೇಡಿ ಅಣ್ಣಾ. ಚಿಕ್ಕವಳಿದ್ದಾಗ ನಮ್ಮ ಕೇರೀಲೂ ಒಬ್ಬ ಇಂಥ ಹುಡುಗ ಇದ್ದ, ಅವನಿಗೆ ಊರೆಲ್ಲಾ ಕಡಲೆಮಿಠಾಯಿ ಕೊಡೋರು. ಉಳುಕು ಅನ್ನೋದು ಮುಕ್ಕಾಲುಪಾಲು ಕೆಲವೇ ದಿನದಲ್ಲಿ ತಾನೇ ಇಳಿಯುತ್ತೆ, ಕೀರ್ತಿ ಮಾತ್ರ ಒದ್ದವನಿಗೆ. ನಿಮ್ಮ ವಯಸ್ಸಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಕಷ್ಟ.

ಬೆಡ್‌ರೆಸ್ಟಿನ ಕಾಲ ಹೋಯ್ತು. 1986ರಲ್ಲೇ 203 ಜನರಲ್ಲಿ ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಮಲಗೋಕೆ ಹೇಳಿ ನೋಡಿದ್ರು, ಗುಣ ಆಗೋದ್ರಲ್ಲಿ ಏನೂ ವ್ಯತ್ಯಾಸ ಬರಲಿಲ್ಲ, ಎರಡು ದಿನದವರು ಬೇಗ ಕೆಲಸಕ್ಕೆ ಹೋದ್ರು ಅಷ್ಟೇ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ನಗರದ, ಹೊಸದಾಗಿ ಸೊಂಟ ಹಿಡಿದಿದ್ದ ನೌಕರರಲ್ಲಿ ಇನ್ನೂ ಮುಂದೆ ಹೋಗಿ ನೋಡಿದಾಗ, ಮಲಗಿದವರಿಗಿಂತ, ಎಕ್ಸರ್‌ಸೈಜ್ ಮಾಡಿದವರಿಗಿಂತ, ಆದಷ್ಟು ಎಂದಿನಂತೆ ಓಡಾಡ್ಕೊಂಡಿದ್ದವರೇ ಬೇಗ ಸುಧಾರಿಸಿದ್ರು. ಮೂರು ವಾರ ಮಲಗಿದ್ರೆ ಇರೋ ಸ್ನಾಯುನೂ ಕರಗುತ್ತೆ. ಬೆಲ್ಟು ನೋವು ಜೋರಿದ್ದ ದಿನ ಸ್ವಲ್ಪ ಹೊತ್ತು ಹಾಕಿ, ರಾತ್ರಿ ಹಾಕಿ ಮಲಗೋದಂತೂ ಇವತ್ತೇ ಬಿಡಿ.

ಡ್ರೈವರ್‌ಗಳಿಗೆ ಸೊಂಟ ಹೋಗೋದಕ್ಕೆ ಕೂರೋದರ ಜೊತೆ ಗಾಡಿಯ ಕುಲುಕಾಟನೂ ಕಾರಣ, ಇಡೀ ಮೈ ಗಂಟೆಗಟ್ಟಲೆ ಅದುರ್ತಿರುತ್ತೆ. ಸೀಟನ್ನ ಕ್ಲಚ್ ಪೂರ್ತಿ ಒತ್ತಿದಾಗ ಮಂಡಿ ಸ್ವಲ್ಪ ಮಡಿಸಿರೋ ಹಾಗೆ ಮುಂದೆ ತಗೊಳ್ಳಿ, ಸೊಂಟದ ಹಿಂದೆ ಟವೆಲ್ ಸುರುಳಿ ಇಡಿ, ಹಿಂದಿನ ಜೇಬಿನ ಪರ್ಸ್ ತೆಗೀರಿ. ಟೀ ಸ್ಟಾಪಲ್ಲಿ ಇಳಿದ ತಕ್ಷಣ ಒಂದು ಕಾಲನ್ನ ಬಸ್ಸಿನ ಮೆಟ್ಟಿಲ ಮೇಲಿಟ್ಟು ಹಿಂದಿನ ಕಾಲಿನ ತೊಡೆಸಂದಿ ಎಳೆಯೋ ಹಾಗೆ ಮುಂದಕ್ಕೆ ಬಾಗಿ, ಆಮೇಲೆ ಸೊಂಟಕ್ಕೆ ಕೈಯಿಟ್ಟು ಹಿಂದಕ್ಕೆ ಬಾಗಿ, ಐದೈದು ಸಲ. ಕಂಡಕ್ಟರಣ್ಣನ್ನೂ ಸೇರಿಸ್ಕೊಳ್ಳಿ.

ಇನ್ನೊಂದು ಕೇಳ್ತೀನಿ, ಪತ್ರದಲ್ಲಿ ಬರೆದಿಲ್ಲ ನೀವು. ಮನಸ್ಸಿಗೆ ಹೆಂಗಿದೆ? ಟೈಮಿಂಗ್ಸು, ಟ್ರಾಫಿಕ್ಕು, ಪ್ಯಾಸೆಂಜರ್ ಬೈಗಳು, ರಜೆ ಕೇಳಿದ್ರೆ ಮುಖ ಸಿಂಡರಿಸೋದು. ಅಮೆರಿಕದ ಬೋಯಿಂಗ್ ವಿಮಾನ ಕಾರ್ಖಾನೇಲಿ 3,020 ಕೆಲಸಗಾರರನ್ನ ವರ್ಷಗಟ್ಟಲೆ ನೋಡಿ 1991ರಲ್ಲಿ ವರದಿ ಮಾಡಿದ್ರು, ಬೆನ್ನುನೋವು ಅಂತ ಬರೋರು ಯಾರಾಗ್ತಾರೆ ಅಂತ. ಕೆಲಸದಲ್ಲಿ ಖುಷಿ ಅನ್ನೋದೇ ಸಿಗಲ್ಲ ಅಂದಿದ್ದವರು ಹಾಗೆ ಬರೋ ಸಾಧ್ಯತೆ ಎರಡೂವರೆ ಪಟ್ಟು ಜಾಸ್ತಿ ಇತ್ತು. ಎತ್ತೋ ಭಾರಕ್ಕಿಂತ ಇದೇ ಹೆಚ್ಚು ಕಾಣಿಸ್ತು. ನಿಮ್ಮ ಡ್ಯೂಟಿ ಚಾರ್ಟ್ ನಾನು ಬದಲಾಯಿಸೋಕಾಗಲ್ಲ, ಆದ್ರೆ ಸತತ ನೈಟ್ ಬಂದಾಗ ಮಧ್ಯೆ ಒಂದು ಡೇ ಡ್ಯೂಟಿ ಕೇಳೋಕೆ ಡಾಕ್ಟ್ರ ಚೀಟಿ ಉಪಯೋಗ ಆಗಬಹುದು, ಬೆಡ್‌ರೆಸ್ಟ್ ಚೀಟಿಗಿಂತ ಅದನ್ನ ಬರೆಸ್ಕೊಳ್ಳಿ.

ಪ್ರಶ್ನೆ: ಮಗನಿಗೆ 23. ಎಂಟು ತಿಂಗಳಿಂದ ಸೊಂಟ ಹಿಡಿಯುತ್ತೆ ಅಂತಾನೆ. ಬೆಳಗಿನ ಜಾವ ನೋವಿಗೆ ಎಚ್ಚರ ಆಗುತ್ತೆ, ಎದ್ದ ಮೇಲೆ ಒಂದು ಗಂಟೆ ಸೆಟೆದುಕೊಂಡಿರ್ತಾನೆ, ಓಡಾಡಿದ್ರೆ ಸರಿ ಹೋಗುತ್ತೆ. ಕೆಪಿಎಸ್‌ಸಿ ಪರೀಕ್ಷೆಗೆ ಓದ್ತಿದಾನೆ, ಟೆನ್ಷನ್ ಅಂತ ನಾವು, ಮೊಬೈಲ್ ಅಂತ ಅವರಪ್ಪ.
(ಓದುಗರು, ಮಂಡ್ಯ)

ಉತ್ತರ: ಅಮ್ಮಾ, ಇದು ಟೆನ್ಷನ್ನೂ ಅಲ್ಲ ಮೊಬೈಲೂ ಅಲ್ಲ ಅನ್ಸುತ್ತೆ ನಂಗೆ. ವಯಸ್ಸು ಚಿಕ್ಕದು, ಮೂರು ತಿಂಗಳು ದಾಟಿದೆ, ರೆಸ್ಟ್ ತಗೊಂಡ್ರೆ ಜಾಸ್ತಿ ಓಡಾಡಿದ್ರೆ ಕಮ್ಮಿ, ಬೆಳಗ್ಗೆ ಅರ್ಧ ಗಂಟೆ ಮೀರಿ ಸೆಟೆದುಕೊಳ್ಳೋದು, ಇದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಅನ್ನೋ ಉರಿಯೂತದ ಕಾಯಿಲೆಯ ಲಕ್ಷಣ ಇರಬಹುದು. ಸ್ನಾಯು ನೋವು ಸಾಮಾನ್ಯವಾಗಿ ಉಲ್ಟಾ, ರೆಸ್ಟಲ್ಲಿ ಕಮ್ಮಿ ಆಗುತ್ತೆ. ರುಮಟಾಲಜಿಸ್ಟ್, ಅಂದ್ರೆ ಕೀಲುವಾತದ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ, ಎಚ್‌ಎಲ್‌ಎ-ಬಿ27 ಅಂತ ರಕ್ತಪರೀಕ್ಷೆ, ಸೊಂಟದ ಕೀಲಿನ ಸ್ಕ್ಯಾನ್ ಬರೀಬಹುದು. ಈಗ ಒಳ್ಳೇ ಔಷಧಿ ಇದೆ, ಬೇಗ ಶುರು ಮಾಡಿದಷ್ಟೂ ಬೆನ್ನು ಉಳಿಯುತ್ತೆ. ಕಣ್ಣು ಕೆಂಪಾಗಿ ನೋವು ಬಂದಿದ್ರೆ ಅದನ್ನೂ ಡಾಕ್ಟ್ರಿಗೆ ಹೇಳಿ.

ಎಲ್ಲ ಓದುಗರಿಗೂ ಇಲ್ಲೇ ಹೇಳಿಬಿಡ್ತೀನಿ. ಸೊಂಟನೋವಿನ ಜೊತೆ ಸಂಜೆ ಜ್ವರ, ತೂಕ ಇಳಿಯೋದು, ರಾತ್ರಿ ಬೆವರು ಇದ್ರೆ ಬೆನ್ನುಮೂಳೆ ಟಿಬಿ ಇರಬಹುದು, ನಮ್ಮಲ್ಲಿ ಅದು ಅಪರೂಪ ಏನಲ್ಲ. ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ನೋವು, ವಯಸ್ಸಾದ ಹೆಂಗಸರು ಜಾರಿ ಬಿದ್ದ ಮೇಲೆ ನೋವು, ಇವಕ್ಕೆ ತಡ ಮಾಡಬಾರದು. ತೊಡೆಗಳ ಮಧ್ಯೆ ಸ್ಪರ್ಶ ಗೊತ್ತಾಗ್ತಿಲ್ಲ, ಮೂತ್ರ ಮಲ ಹಿಡಿತ ತಪ್ಪಿದೆ ಅಥವಾ ಮೂತ್ರ ಕಟ್ಕೊಂಡಿದೆ, ಕಾಲು ಎತ್ತೋಕಾಗ್ತಿಲ್ಲ ಅಂದ್ರೆ ನಾಳೆ ಅನ್ನಬೇಡಿ, ಆ ರಾತ್ರಿಯೇ ದೊಡ್ಡಾಸ್ಪತ್ರೆ.

ಪ್ರಶ್ನೆ: ಇಲ್ಲಿ ಅಮೆರಿಕದಲ್ಲಿ ಡಾಕ್ಟರ್ ಸಾರ್ನೋ ಹೇಳಿದ್ದನ್ನ ನಂಬಿ ಹಲವರು ಬೆನ್ನುನೋವೆಲ್ಲ ಮನಸ್ಸಿಂದಲೇ, ಎಕ್ಸರ್‌ಸೈಜ್, ಫಿಸಿಯೋ ಎಲ್ಲ ಬಿಡಿ ಅಂತಾರೆ. ನನ್ನ ಫ್ರೆಂಡ್‌ಗೆ ಹಾಗೇ ವಾಸಿ ಆಯ್ತಂತೆ. ನಾನೂ ಬಿಡ್ಲಾ?
(ಕನ್ನಡಿಗ, ನ್ಯೂಜೆರ್ಸಿ)

ಉತ್ತರ: ನಿಮ್ಮ ಫ್ರೆಂಡ್‌ಗೆ ವಾಸಿ ಆಗಿದ್ದು ಸುಳ್ಳಿರಲಾರದು. ಜಾನ್ ಸಾರ್ನೋ ನ್ಯೂಯಾರ್ಕಿನ ರಿಹ್ಯಾಬ್ ಡಾಕ್ಟ್ರು, 2017ರಲ್ಲಿ ತೀರಿಕೊಂಡ್ರು. ಅದುಮಿಟ್ಟ ಸಿಟ್ಟಿನಿಂದ ಮಿದುಳು ಸ್ನಾಯುಗಳಿಗೆ ರಕ್ತ ಕಮ್ಮಿ ಮಾಡುತ್ತೆ, ಅದಕ್ಕೇ ನೋವು ಅನ್ನೋದು ಅವ್ರ ವಾದ. ಆ ರಕ್ತದ ವಿಷಯ ಸಾಬೀತಾಗಿಲ್ಲ. ಆದ್ರೆ ‘ನಿನ್ನ ಬೆನ್ನು ಕೆಟ್ಟಿಲ್ಲ, ಹೆದರಬೇಡ, ಓಡಾಡು’ ಅಂತ ಅವ್ರು ಹೇಳಿದ್ದು ಎಷ್ಟೋ ಜನಕ್ಕೆ ಔಷಧಿ ಆಯ್ತು.

ಅದರ ಜಾಡಲ್ಲೇ ಕೊಲರಾಡೋದಲ್ಲಿ 151 ಜನರ ಮೇಲೆ ಒಂದು ಪ್ರಯೋಗ ಆಯ್ತು, 2021ರಲ್ಲಿ ಫಲಿತಾಂಶ ಬಂತು. ನೋವನ್ನ ಅಪಾಯ ಅಂತಲ್ಲ, ಮಿದುಳಿನ ತಪ್ಪು ಅಲಾರ್ಮ್ ಅಂತ ನೋಡೋಕೆ ನಾಲ್ಕು ವಾರ ಕಲಿಸಿದ್ರು. ನೂರಕ್ಕೆ 66 ಜನಕ್ಕೆ ನೋವು ಪೂರ್ತಿ ಅಥವಾ ಬಹುಪಾಲು ಹೋಯ್ತು, ಔಷಧಿ ಇಲ್ಲದ ಸುಳ್ಳು ಇಂಜೆಕ್ಷನ್ ತಗೊಂಡವರಲ್ಲಿ 20, ಎಂದಿನ ಚಿಕಿತ್ಸೆಯವರಲ್ಲಿ 10. ಅದ್ಭುತವೇ. ಆದ್ರೆ ಅಲ್ಲಿದ್ದವರಿಗೆ ನೋವು ತೀರಾ ಜೋರಿನದ್ದೇನಲ್ಲ, ಮುಖ್ಯ ನೋವು ಬೆನ್ನಲ್ಲೇ ಇದ್ದಿದ್ದು, ಕಾಲಿಗೆ ಇಳಿದಿದ್ದಲ್ಲ. ಅಂದ್ಮೇಲೆ ಎಲ್ಲ ಬೆನ್ನಿಗೂ ಇದನ್ನೇ ಹೊಲಿಯೋಕಾಗಲ್ಲ.

ಎಕ್ಸರ್‌ಸೈಜ್ ಯಾಕೆ ಬಿಡಬೇಕು ಅಂತ ನಂಗೆ ಅರ್ಥ ಆಗಲ್ಲ. ಕುಂಡಿ ಗಟ್ಟಿ ಆದ್ರೆ ಮನಸ್ಸಿಗೇನು ಲಾಸು? ಮೊದಲ ಸಲ ಹದಿನೈದು ಕೆಜಿ ಎತ್ತಿದ ದಿನ ನನ್ನ ಪೇಷಂಟ್ ಒಬ್ರು, 52 ವರ್ಷ, ಅತ್ತೇಬಿಟ್ರು, ಏನೂ ಆಗಲಿಲ್ಲ ಅಂತ. ಸಾವಿರ ಸಲ ‘ಹೆದರಬೇಡಿ’ ಅಂದಿದ್ದಕ್ಕಿಂತ ಆ ಒಂದು ಎತ್ತು ಜಾಸ್ತಿ ಕೆಲಸ ಮಾಡ್ತು. ನಮ್ಮ ಬೆಂಗಳೂರಿನ ಹೊರವಲಯದ ಜಿಗಣಿ ಹತ್ರ ಎಸ್‌-ವ್ಯಾಸ ಯೋಗ ವಿಶ್ವವಿದ್ಯಾಲಯದಲ್ಲಿ 80 ಜನ ಹಳೇ ಸೊಂಟನೋವಿನವರನ್ನ ಒಂದು ವಾರ ಅಲ್ಲೇ ಇರಿಸ್ಕೊಂಡು, ಅರ್ಧ ಜನಕ್ಕೆ ಯೋಗ, ಪ್ರಾಣಾಯಾಮ, ಧ್ಯಾನ, ಉಳಿದರ್ಧಕ್ಕೆ ಫಿಸಿಯೋ ವ್ಯಾಯಾಮ ಮಾಡಿಸಿದ್ರು, 2008ರಲ್ಲಿ ಪ್ರಕಟ ಆಯ್ತು. ಯೋಗದವರಿಗೆ ಹೆಚ್ಚು ಉಪಯೋಗ ಆಯ್ತು. ಮೈ ಮನಸ್ಸು ಎರಡನ್ನೂ ಒಟ್ಟಿಗೆ ಹಿಡಿದಿದ್ದಕ್ಕೆ ಅಂತ ನನ್ನ ಲೆಕ್ಕ. ಬರೀ ಒಂದು ವಾರದ ಮಾತು ಅದು, ಅದನ್ನೂ ನೆನಪಿಡಿ.

ಪ್ರಶ್ನೆ: ಸೊಂಟನೋವಿಗೆ ನೆಲದ ಮೇಲೇ ಮಲಗಬೇಕಾ? ಹೊಸ ಹಾಸಿಗೆ ತಗೊಂಡಿದ್ದು ದಂಡ ಆಯ್ತಾ?
(ಗೃಹಿಣಿ, ಶಿರಸಿ)

ಉತ್ತರ: ದಂಡ ಆಗಿಲ್ಲ. ಸ್ಪೇನ್‌ನಲ್ಲಿ 313 ಜನಕ್ಕೆ ಹಾಸಿಗೆ ಕೊಟ್ಟು ಮೂರು ತಿಂಗಳು ನೋಡಿದ್ರು, 2003ರಲ್ಲಿ, ತೀರಾ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯದ್ದೇ ವಾಸಿ ಅಂತ ಬಂತು. ನೆಲದ ಮೇಲೆ ಆರಾಮ ಅನ್ಸಿದ್ರೆ ಮಲಗಿ, ಶಿಕ್ಷೆ ಥರ ಬೇಡ. ಅಂಗಾತ ಮಲಗೋರು ಮಂಡಿ ಕೆಳಗೆ ದಿಂಬು, ಮಗ್ಗುಲಾಗಿ ಮಲಗೋರು ಮಂಡಿ ಮಧ್ಯೆ ದಿಂಬು. ಬೆಳಗ್ಗೆ ದಢಾರನೆ ಎದ್ದು ಕೂರಬೇಡಿ, ಮಗ್ಗುಲಿಗೆ ಹೊರಳಿ, ಕಾಲು ಇಳಿಬಿಟ್ಟು, ಕೈ ಊರಿ ಏಳಿ, ಹಾಲಿನವನು ಒಂದು ನಿಮಿಷ ಕಾಯ್ಲಿ.